ಸ್ವಾತಂತ್ರ್ಯದ ಮಾತು, ಗುಲಾಮಗಿರಿಯ ಲೆಕ್ಕ: ನಮ್ಮ ನೆರೆಯ ರಾಫಲ್ಸ್ ಅವರನ್ನು ಓದುವುದು ಹೇಗೆ?



ಕನ್ನಡ ತರಗತಿಯಲ್ಲಿ ಮಹಾಪುರುಷರ ಬಗ್ಗೆ ಪ್ರಬಂಧ ಬರೆಸುವುದು ಹಳೆಯ ಪದ್ಧತಿ. ಹುಟ್ಟಿದ ವರ್ಷ, ತಂದೆ ತಾಯಿ, ಮಾಡಿದ ಸಾಧನೆ, ಕೊನೆಗೆ ‘ಇವರ ಆದರ್ಶವನ್ನು ನಾವೆಲ್ಲರೂ ಪಾಲಿಸೋಣ’ ಎಂಬ ಒಂದು ವಾಕ್ಯ. ಆದರೆ ಮೇಲಿನ ತರಗತಿಯ ಮಕ್ಕಳು ಈಗ ಇಂಗ್ಲಿಷ್ ಶಾಲೆಯ ಇತಿಹಾಸದ ಪಾಠದಿಂದ ಬೇರೆ ಪ್ರಶ್ನೆಗಳನ್ನು ಹೊತ್ತು ತರುತ್ತಾರೆ. 2020ರ ಜೂನ್ ತಿಂಗಳಲ್ಲಿ ಬ್ರಿಸ್ಟಲ್ ನಗರದಲ್ಲಿ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯನ್ನು ಜನ ಕೆಡವಿ ಬಂದರಿನ ನೀರಿಗೆ ಹಾಕಿದ ಮೇಲೆ ಆ ಪ್ರಶ್ನೆ ಇನ್ನೂ ನೇರವಾಗಿದೆ: ‘ಹಾಗಾದರೆ ಇವರು ಒಳ್ಳೆಯವರೋ ಕೆಟ್ಟವರೋ?’

ಈ ಪಾಠದಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳುತ್ತೇವೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಥಾಮಸ್ ಜೆಫರ್ಸನ್. 1776ರಲ್ಲಿ ಮನುಷ್ಯರೆಲ್ಲ ಸಮಾನರು ಎಂದು ಸಾರಿದ ಘೋಷಣೆಯನ್ನು ಬರೆದವರು ಅವರು. ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯರಾಗಿದ್ದವರೂ ಅವರೇ. ಆದರೆ ಅಮೆರಿಕದವರೆಗೆ ಹೋಗುವುದು ಬೇಡ. ಇಂಥದೇ ಒಬ್ಬ ರಾಷ್ಟ್ರಸ್ಥಾಪಕರು ನಮ್ಮ ಕೆಂಟನ್‌ನಿಂದ ನಾಲ್ಕೈದು ಮೈಲಿ ದೂರದಲ್ಲೇ ಕೊನೆಯುಸಿರೆಳೆದರು. ಕೆಂಟನ್ ರಸ್ತೆಯಲ್ಲಿ ಹತ್ತುವ 183ನೇ ನಂಬರಿನ ಬಸ್ಸು ಅವರ ಸಮಾಧಿ ಇರುವ ಹೆಂಡನ್ ಕಡೆಗೇ ಹೋಗುತ್ತದೆ. ಅವರು ಸಿಂಗಪುರದ ಸ್ಥಾಪಕರೆಂದು ಹೆಸರಾದ ಸರ್ ಸ್ಟ್ಯಾಂಫರ್ಡ್ ರಾಫಲ್ಸ್.

ಹಡಗಿನಲ್ಲಿ ಹುಟ್ಟಿದ ಗುಮಾಸ್ತ

ರಾಫಲ್ಸ್ ಹುಟ್ಟಿದ್ದು 1781ರ ಜುಲೈನಲ್ಲಿ, ಜಮೈಕಾ ದ್ವೀಪದ ಬಳಿ, ಒಂದು ಹಡಗಿನಲ್ಲಿ. ತಂದೆ ಆ ಹಡಗಿನ ಕ್ಯಾಪ್ಟನ್. ಆಗಿನ ಜಮೈಕಾ ಎಂದರೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಸಕ್ಕರೆ ತಯಾರಾಗುತ್ತಿದ್ದ ದ್ವೀಪ. ಮನೆಯಲ್ಲಿ ಹಣದ ತೊಂದರೆ. ಹಾಗಾಗಿ ಹದಿನಾಲ್ಕನೆಯ ವಯಸ್ಸಿಗೇ ಹುಡುಗ ಶಾಲೆ ಬಿಟ್ಟು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾದ. ಅಲ್ಲಿಂದ 1805ರಲ್ಲಿ ಪೆನಾಂಗ್‌ಗೆ ಹೋದರು, ಮಲಯ ಭಾಷೆ ಕಲಿತರು. ಪರಭಾಷೆಯನ್ನು ಶ್ರದ್ಧೆಯಿಂದ ಕಲಿತ ಅಧಿಕಾರಿಗಳು ಆಗ ಬಹಳ ಮಂದಿ ಇರಲಿಲ್ಲ. ಭಾಷಾ ಶಿಕ್ಷಕರಾದ ನಮಗೆ ಇದು ಮೆಚ್ಚುಗೆಯ ವಿಷಯವೇ.

1811ರಲ್ಲಿ ಬ್ರಿಟಿಷರು ಜಾವಾ ದ್ವೀಪವನ್ನು ಗೆದ್ದಾಗ ಮೂವತ್ತು ವಯಸ್ಸಿನ ರಾಫಲ್ಸ್ ಅದರ ಲೆಫ್ಟಿನೆಂಟ್ ಗವರ್ನರ್ ಆದರು. 1817ರಲ್ಲಿ ಜಾವಾದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. 1818ರಲ್ಲಿ ಸುಮಾತ್ರಾದ ಬೆಂಕೂಲೆನ್‌ಗೆ ಅಧಿಕಾರಿಯಾಗಿ ಹೋದರು. 1819ರ ಫೆಬ್ರವರಿ 6ರಂದು ಸಿಂಗಪುರದಲ್ಲಿ ಕಂಪನಿಯ ಪರವಾಗಿ ಒಪ್ಪಂದ ಮಾಡಿಕೊಂಡರು. ಊರಿಗೆ ಮರಳಿದ ಮೇಲೆ 1826ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವನ್ನು ಕಟ್ಟಿದವರಲ್ಲಿ ಮೊದಲಿಗರು ಅವರೇ. ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಲಂಡನ್ ಝೂ ಆ ಸಂಘದ್ದು.

ಎರಡು ಕೈ, ಎರಡು ಲೆಕ್ಕ

ಈಗ ವಿಷಯಕ್ಕೆ ಬರೋಣ. ಮೊದಲು ಜಮೆಯ ಪುಟ. ಗುಲಾಮಗಿರಿ ಅನ್ಯಾಯವೆಂದು ರಾಫಲ್ಸ್ ಬರೆದರು, ಬರೆದು ಸುಮ್ಮನಾಗಲಿಲ್ಲ. 1813ರಲ್ಲಿ ಜಾವಾಕ್ಕೆ ಹೊಸದಾಗಿ ಗುಲಾಮರನ್ನು ತರುವುದನ್ನು ನಿಷೇಧಿಸಿದರು. ಬೆಂಕೂಲೆನ್‌ನಲ್ಲಿ ಕಂಪನಿಯೇ ಕೊಂಡಿದ್ದ ಆಫ್ರಿಕದ ಗುಲಾಮರು, ಅವರ ಮಕ್ಕಳು, ಒಟ್ಟು ಇನ್ನೂರಕ್ಕೂ ಹೆಚ್ಚು ಜನರಿದ್ದರು. 1818ರಲ್ಲಿ ಅಲ್ಲಿಗೆ ಹೋದ ಹೊಸತರಲ್ಲೇ ಅವರಿಗೆ ಬಿಡುಗಡೆಯ ಪತ್ರ ಕೊಡಿಸಿದರು. ಭಾರತದಿಂದ ಗಡೀಪಾರಾಗಿ ಅಲ್ಲಿ ದುಡಿಯುತ್ತಿದ್ದ ಕೈದಿಗಳಲ್ಲಿ ಒಳ್ಳೆಯ ನಡತೆಯವರಿಗೆ ಸ್ವತಂತ್ರವಾಗಿ ನೆಲೆಸುವ ದಾರಿ ಮಾಡಿದರು. 1822ರಲ್ಲಿ ಸಿಂಗಪುರಕ್ಕೆ ಮರಳಿ ಬಂದಾಗ ಅಲ್ಲಿ ಜನರ ಮಾರಾಟ ನಡೆಯುತ್ತಿರುವುದನ್ನು ಕಂಡು ಕೋಪಗೊಂಡು, 1823ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ನಿಯಮ ಹೊರಡಿಸಿದರು.

ಇನ್ನು ಖರ್ಚಿನ ಪುಟ. ಅದೇ ಜಾವಾದಲ್ಲಿ, 1812ರ ಜೂನ್ ತಿಂಗಳಲ್ಲಿ, ರಾಫಲ್ಸ್ ಕಳಿಸಿದ ಸೈನ್ಯ ಯೋಗ್ಯಕರ್ತದ ಅರಮನೆಗೆ ನುಗ್ಗಿ ಲೂಟಿ ಮಾಡಿತು. ಆ ಸೈನ್ಯದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಅರಮನೆಯ ತಾಳೆಗರಿ, ಕಾಗದದ ಹಸ್ತಪ್ರತಿಗಳು ಗೆದ್ದವರ ಪಾಲಾದವು. ಜಾವಾದ ಇತಿಹಾಸ ಬರೆದವರೇ ಜಾವಾದ ಪುಸ್ತಕ ಭಂಡಾರವನ್ನು ಬರಿದು ಮಾಡಿದರು ಎಂದರೆ ತಪ್ಪಾಗದು.

ಅದಕ್ಕಿಂತಲೂ ಗಂಭೀರವಾದದ್ದು ಬಂಜರ್ಮಸಿನ್ ಪ್ರಕರಣ. ಬೋರ್ನಿಯೋ ದ್ವೀಪದ ಆ ಜಾಗದಲ್ಲಿ ಅಲೆಕ್ಸಾಂಡರ್ ಹೇರ್ ಎಂಬ ವ್ಯಾಪಾರಿ ದೊಡ್ಡ ಎಸ್ಟೇಟು ಮಾಡಿಕೊಂಡಿದ್ದ. ಅವನು ರಾಫಲ್ಸ್ ಅವರ ಸ್ನೇಹಿತ, ಅವರೇ ಅವನನ್ನು ಅಲ್ಲಿನ ಅಧಿಕಾರಿಯಾಗಿಯೂ ನೇಮಿಸಿದ್ದರು. ಅವನಿಗೆ ಆಳುಗಳು ಬೇಕಾಗಿದ್ದವು, ಸ್ವಂತ ಇಚ್ಛೆಯಿಂದ ಹೋಗುವವರು ಸಿಗಲಿಲ್ಲ. ಆಗ ಜಾವಾದ ಸರಕಾರ ಸಣ್ಣಪುಟ್ಟ ಅಪರಾಧದವರನ್ನು, ಅಲೆಮಾರಿಗಳೆಂದು ಹಿಡಿದವರನ್ನು, ಹೆಂಗಸರನ್ನೂ ಸೇರಿಸಿ ಹಡಗು ಹತ್ತಿಸಿ ಅಲ್ಲಿಗೆ ಸಾಗಿಸಿತು. ಹೀಗೆ ಹೋದವರು ಸಾವಿರಾರು ಜನ. ಅವರನ್ನು ಯಾರೂ ‘ಗುಲಾಮರು’ ಎಂದು ದಾಖಲೆಯಲ್ಲಿ ಬರೆಯಲಿಲ್ಲ. ಆದರೆ ಇಷ್ಟವಿಲ್ಲದ ಊರಿಗೆ ಒಯ್ದು, ಬಿಟ್ಟುಹೋಗಲು ಬಿಡದೆ ದುಡಿಸಿದರೆ ಅದಕ್ಕೆ ಬೇರೆ ಯಾವ ಹೆಸರು ಕೊಡಬೇಕು? ಇತಿಹಾಸಕಾರರು ಇದನ್ನು ರಾಫಲ್ಸ್ ಅವರ ಆಡಳಿತದ ದೊಡ್ಡ ಕಳಂಕ ಎಂದೇ ಎಣಿಸಿದ್ದಾರೆ.

ಗಮನಿಸಿ. ಎರಡು ಪುಟಗಳಲ್ಲೂ ಇರುವ ಸಹಿ ಒಂದೇ, ವರ್ಷಗಳೂ ಹೆಚ್ಚುಕಡಿಮೆ ಅವೇ. ಮೊದಲು ಕೆಟ್ಟವರಾಗಿದ್ದು ಆಮೇಲೆ ಒಳ್ಳೆಯವರಾದರು ಎಂದು ಕಥೆ ಕಟ್ಟಲು ಬರುವುದಿಲ್ಲ. ಸಿಂಗಪುರದ ನಿಯಮಗಳಲ್ಲೂ ಇದೇ ಎಳೆ ಇದೆ. ಮನುಷ್ಯರನ್ನು ಮಾರುವುದನ್ನು ನಿಷೇಧಿಸಿದ ಅದೇ ವರ್ಷ, ಹಡಗಿನ ಖರ್ಚಿನ ಸಾಲ ತೀರಿಸಲು ದುಡಿಯುವ ಕೂಲಿಗಳ ಅವಧಿಗೆ ಒಂದು ಮಿತಿ ಹಾಕಿದರು. ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಸಾಲಕ್ಕಾಗಿ ದುಡಿಸುವ ಪದ್ಧತಿಯನ್ನು ತೆಗೆಯಲಿಲ್ಲ, ಏಕೆಂದರೆ ಹೊಸ ಬಂದರಿಗೆ ಅಗ್ಗದ ಕೈಗಳು ಬೇಕಾಗಿದ್ದವು.

ಪಕ್ಕದ ಮನೆಯವರು

ಕಾಯಿಲೆಯಿಂದ ನರಳುತ್ತಿದ್ದ ರಾಫಲ್ಸ್ ಮಿಲ್ ಹಿಲ್‌ನ ಹೈವುಡ್ ಹೌಸ್ ಎಂಬ ಮನೆಯನ್ನು ಕೊಂಡು ನೆಲೆಸಿದರು. 1826ರಲ್ಲಿ ಅದರ ಪಕ್ಕದ ಜಮೀನಿಗೆ ಬಂದವರು ಯಾರು ಗೊತ್ತೇ? ಬ್ರಿಟನ್ನಿನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದವರಲ್ಲಿ ಅತಿ ಪ್ರಸಿದ್ಧರಾದ ವಿಲಿಯಂ ವಿಲ್ಬರ್‌ಫೋರ್ಸ್! ಆದರೆ ನೆರೆಹೊರೆ ಹೆಚ್ಚು ದಿನ ನಡೆಯಲಿಲ್ಲ. 1826ರ ಜುಲೈ 5ರಂದು ರಾಫಲ್ಸ್ ತೀರಿಕೊಂಡರು, ಆಗ ಅವರಿಗೆ ಇನ್ನೂ 45 ತುಂಬಿರಲಿಲ್ಲ. ಹೆಂಡನ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಮಣ್ಣು ಮಾಡಿದರು. ಅಲ್ಲಿನ ಪಾದ್ರಿಯ ಕುಟುಂಬಕ್ಕೆ ಗುಲಾಮರ ದುಡಿಮೆಯಿಂದ ಬಂದ ಆಸ್ತಿ ಇತ್ತು, ಗುಲಾಮಗಿರಿ ವಿರೋಧಿಯೆಂಬ ಕಾರಣಕ್ಕೆ ರಾಫಲ್ಸ್ ಅವರಿಗೆ ಸ್ಮಾರಕ ಫಲಕ ಹಾಕಲು ಆತ ಒಪ್ಪಲಿಲ್ಲ ಎನ್ನುತ್ತಾರೆ. ಸಮಾಧಿ ಎಲ್ಲಿದೆಯೆಂಬುದೇ ಮರೆತುಹೋಗಿ, 1914ರಲ್ಲಿ ಮತ್ತೆ ಪತ್ತೆಯಾಯಿತು. ಜಾವಾದವರಿಗೆ ಬಲಾತ್ಕಾರದ ದುಡಿಮೆ ಹೊರಿಸಿದವರು, ಹೆಂಡನ್‌ನವರಿಗೆ ಅತಿಯಾದ ಸ್ವಾತಂತ್ರ್ಯವಾದಿ! ಒಬ್ಬರೇ ಮನುಷ್ಯರು ಎರಡು ಊರಿನಲ್ಲಿ ಎರಡು ರೀತಿ ಕಾಣುವುದು ಹೀಗೆ.

ವಿಲ್ಬರ್‌ಫೋರ್ಸ್ ಅವರದ್ದಾದರೂ ನೇರ ಗೆರೆಯೇ? 1807ರ ಮಾರ್ಚ್ 25ರಂದು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಕಾಯಿದೆ ಬರಲು ಅವರು ಇಪ್ಪತ್ತು ವರ್ಷ ಸೋಲಿನ ಮೇಲೆ ಸೋಲುಂಡು ದುಡಿದರು. 1791ರಲ್ಲಿ ಅವರ ಪರ 88 ಮತ, ವಿರುದ್ಧ 163. 1807ರಲ್ಲಿ ಪರ 283, ವಿರುದ್ಧ 16. (ಅದೇ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಜೆಫರ್ಸನ್ ಸಹ ಗುಲಾಮರ ಆಮದನ್ನು ನಿಲ್ಲಿಸುವ ಕಾಯಿದೆಗೆ ಸಹಿ ಹಾಕಿದರು, ಮನೆಯಲ್ಲಿದ್ದ ಗುಲಾಮರನ್ನು ಬಿಡಲಿಲ್ಲ.) ಇಷ್ಟು ದೊಡ್ಡ ಕೆಲಸ ಮಾಡಿದ ವಿಲ್ಬರ್‌ಫೋರ್ಸ್, ಇಂಗ್ಲೆಂಡಿನ ಕಾರ್ಮಿಕರು ಸಂಘ ಕಟ್ಟುವುದನ್ನು ತಡೆದ 1799ರ ಕಾಯಿದೆಯನ್ನು ಬೆಂಬಲಿಸಿದರು. ಹೆಂಗಸರು ಸಂಘ ಮಾಡಿಕೊಂಡು ಗುಲಾಮಗಿರಿಯ ವಿರುದ್ಧ ಸಹಿ ಸಂಗ್ರಹಿಸುವುದು ಅವರಿಗೆ ಇಷ್ಟವಾಗಲಿಲ್ಲ. ಇದ್ದ ಗುಲಾಮರ ಬಿಡುಗಡೆ ಮೆಲ್ಲಮೆಲ್ಲನೆ ಆಗಲಿ ಎಂಬುದು ಬಹುಕಾಲ ಅವರ ನಿಲುವಾಗಿತ್ತು.

‘ಆ ಕಾಲವೇ ಹಾಗಿತ್ತು’ ಎನ್ನಬಹುದೇ?

ಈ ಮಾತನ್ನು ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಹೇಳುತ್ತೇವೆ. ಅರ್ಧ ನಿಜವೂ ಹೌದು. ಇಂದಿನ ಕನ್ನಡಕ ಹಾಕಿ ಅಂದಿನವರನ್ನು ನೋಡಿದರೆ ಅವರ ಕಷ್ಟ ಕಾಣುವುದಿಲ್ಲ. ಆದರೆ ಇನ್ನರ್ಧವನ್ನು ಪರೀಕ್ಷಿಸಬೇಕು. ‘ಆ ಕಾಲ’ ಎಂದರೆ ಯಾರ ಕಾಲ? ಸ್ವತಃ ಗುಲಾಮರಾಗಿದ್ದ ಒಲಾಡಾ ಎಕ್ವಿಯಾನೋ 1789ರಲ್ಲಿ ಲಂಡನ್ನಿನಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. ಎಲಿಜಬೆತ್ ಹೇರಿಕ್ ಎಂಬ ಲೆಸ್ಟರಿನ ಮಹಿಳೆ 1824ರಲ್ಲಿ, ಮೆಲ್ಲಮೆಲ್ಲನೆ ಅಲ್ಲ, ಈಗಲೇ ಬಿಡುಗಡೆಯಾಗಬೇಕು ಎಂದು ವಾದಿಸಿ ಒಂದು ಕಿರುಹೊತ್ತಗೆ ಬರೆದರು. ಇವರೂ ಅದೇ ಕಾಲದವರೇ. ಬಂಜರ್ಮಸಿನ್‌ಗೆ ಸಾಗಿಸಲ್ಪಟ್ಟ ಜಾವಾದ ಹೆಂಗಸಿಗೂ ತನಗಾದದ್ದು ಅನ್ಯಾಯವೆಂದು ತಿಳಿದಿತ್ತು, ಅವಳ ಕಾಲವೂ ಅದೇ. ರಾಫಲ್ಸ್ ಅವರಿಗೂ ತಿಳಿದಿತ್ತು ಎಂಬುದಕ್ಕೆ ಅವರ ಬರಹವೇ ಸಾಕ್ಷಿ. ಹಾಗಾಗಿ ಕಾಲದ ಮಾತು ವಿವರಣೆಯಾಗಬಹುದು, ಕ್ಷಮಾಪಣೆಯಾಗದು.

ಕಾಯಿದೆ ಬಿಟ್ಟುಹೋದ ಜಾಗ

1833ರ ಜುಲೈ 29ರಂದು ವಿಲ್ಬರ್‌ಫೋರ್ಸ್ ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು, ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಮಸೂದೆ ಪಾಸಾಗುವುದು ಖಚಿತವಾಗಿತ್ತು. 1834ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಪರಿಹಾರವೆಂದು ಎರಡು ಕೋಟಿ ಪೌಂಡ್ ಕೊಟ್ಟರು. ಕೊಟ್ಟದ್ದು ಗುಲಾಮರಿಗಲ್ಲ, ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಭಾಗ ತೀರಿದ್ದು 2015ರಲ್ಲಿ. ಅಂದರೆ ಅದಕ್ಕೂ ಮುಂಚೆ ಈ ದೇಶದಲ್ಲಿ ತೆರಿಗೆ ಕಟ್ಟಿದ ನಮ್ಮ ಪಾಲಕರ ಹಣವೂ ಆ ಲೆಕ್ಕಕ್ಕೆ ಸೇರಿದೆ.

ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಕನ್ನಡ ಮನೆಗಳವರು ಇನ್ನೊಂದು ಸಾಲು ಮುಂದೆ ಓದಬೇಕು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದಿತ್ತು! ಮಂಗಳೂರು, ಪುತ್ತೂರು, ಕಾಸರಗೋಡು, ಬಳ್ಳಾರಿ ಎಲ್ಲ ಆಗ ಕಂಪನಿಯ ಆಳ್ವಿಕೆಯಲ್ಲಿದ್ದವು. ಕೊಡಗನ್ನು ಕಂಪನಿ ವಶಪಡಿಸಿಕೊಂಡದ್ದು ಅದೇ 1834ರಲ್ಲಿ. 1820ರ ದಶಕದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ‘ಇದು ಗುಲಾಮರು ತಯಾರಿಸದ ಈಸ್ಟ್ ಇಂಡಿಯಾ ಸಕ್ಕರೆ’ ಎಂಬರ್ಥದ ಬರಹವಿರುವ ಸಕ್ಕರೆ ಬಟ್ಟಲುಗಳನ್ನು ಇಡುತ್ತಿದ್ದರು. ಜಮೈಕಾದ ಸಕ್ಕರೆಯನ್ನು ಬಹಿಷ್ಕರಿಸಿದ ಆ ಒಳ್ಳೆಯ ಜನರಿಗೆ ಭಾರತದಲ್ಲೂ ಗುಲಾಮರಿದ್ದಾರೆಂಬುದು ಕಾಣಲಿಲ್ಲ, ಕಂಡವರಲ್ಲೂ ಕೆಲವರಿಗೆ ಹೇಳುವುದು ಬೇಕಾಗಿರಲಿಲ್ಲ.

ಇದ್ದರೇ? ಇದ್ದರು. 1801ರಲ್ಲಿ ಕರಾವಳಿಯಲ್ಲಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಬೇಸಾಯಕ್ಕೆ ಕೂಲಿಯಾಳುಗಳ ಜೊತೆಗೆ ‘ಮೂಲದಾಳು’ ಎಂಬ ಕೊಂಡ ಆಳುಗಳೂ ಇದ್ದರೆಂದು ದಾಖಲಿಸಿದ್ದಾರೆ. ಕೊಡಗಿನಲ್ಲಿ ಯರವರು ಜಮೀನಿನ ಜೊತೆಗೇ ಕೈಬದಲಾಗುತ್ತಿದ್ದರು. ಇವರನ್ನು ಹಡಗಿನಲ್ಲಿ ತಂದವರು ಯಾರೂ ಇಲ್ಲ. ಹುಟ್ಟಿದ ಜಾತಿಯೇ ಸಂಕೋಲೆಯಾಗಿತ್ತು, ಒಡೆಯರು ನಮ್ಮವರೇ ಆಗಿದ್ದರು.

ಭಾರತಕ್ಕೆ ಕಾಯಿದೆ ಬಂದದ್ದು 1843ರಲ್ಲಿ, ಐದನೆಯ ಕಾಯಿದೆ ಎಂಬ ಹೆಸರಿನಲ್ಲಿ. ಅದರ ಮೊದಲ ಅಂಶವೇ ಬಹಳ ಹೇಳುತ್ತದೆ: ಕಂದಾಯ ಬಾಕಿಗಾಗಿ ಯಾವ ಅಧಿಕಾರಿಯೂ ಮನುಷ್ಯರನ್ನು ಗುಲಾಮರೆಂದು ಮಾರಬಾರದು. ಬಾರದು ಎಂದು ಬರೆಯಬೇಕಾಯಿತು! ಎರಡನೆಯದು, ಗುಲಾಮರ ಮೇಲೆ ತನಗೆ ಹಕ್ಕಿದೆಯೆಂದು ಯಾರೂ ಕೋರ್ಟಿಗೆ ಬರುವಂತಿಲ್ಲ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ಅದು ಹೇಳಲಿಲ್ಲ. ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1860ರ ದಂಡಸಂಹಿತೆಯಿಂದ, ಅದು ಜಾರಿಗೆ ಬಂದದ್ದು 1862ರಲ್ಲಿ. ಅಷ್ಟಾದರೂ ಕೋರ್ಟಿನ ಬಾಗಿಲು ಎಲ್ಲಿದೆಯೆಂದು ತಿಳಿಯದ ಆಳಿಗೆ, ಭೂಮಿಯೂ ಇಲ್ಲ ಸಾಲವೂ ತೀರದು ಎಂಬ ಆಳಿಗೆ, ಬದಲಾದದ್ದು ಬಹಳ ಕಡಿಮೆ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ, ವಿಲ್ಬರ್‌ಫೋರ್ಸ್ ತೀರಿಕೊಂಡು ಸರಿಯಾಗಿ ನೂರು ವರ್ಷಕ್ಕೆ. ತುಂಡು ಭೂಮಿ ಉಳಬೇಕೆಂಬ ಚೋಮನ ಆಸೆ ಅದರಲ್ಲಿ ಈಡೇರುವುದಿಲ್ಲ. ಅದು ಚಲನಚಿತ್ರವಾದ 1975ರಲ್ಲೇ ಭಾರತದಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಬಂದು, 1976ರಲ್ಲಿ ಕಾಯಿದೆಯಾಯಿತು. ಕೊರಗ ಸಮುದಾಯದವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ನಿಷೇಧಿಸಿದ್ದು 2000ದಲ್ಲಿ. ನಮ್ಮ ಮೇಲಿನ ತರಗತಿಯ ಮಕ್ಕಳ ತಂದೆ ತಾಯಂದಿರು ಆಗ ಶಾಲೆ, ಕಾಲೇಜಿನಲ್ಲಿದ್ದ ಕಾಲ.

ಪದಗಳು ಮರೆಯುವುದಿಲ್ಲ

ನಾವು ಭಾಷೆ ಕಲಿಸುವವರು, ಆದ್ದರಿಂದ ಎರಡು ಪದಗಳನ್ನು ನೋಡೋಣ. ಇಸ್ಪೀಟಿನ ಎಲೆಗಳಲ್ಲಿ ರಾಜ, ರಾಣಿಯ ನಂತರದವನನ್ನು ಕನ್ನಡದಲ್ಲಿ ಏನೆನ್ನುತ್ತೇವೆ? ಗುಲಾಮ! ಅರಬ್ಬಿಯಿಂದ ಪಾರ್ಸಿಯ ಮೂಲಕ ಬಂದ ಮಾತು, ರಜಾದಿನದ ಆಟದಲ್ಲಿ ನಗುನಗುತ್ತಾ ಕೂಗುತ್ತೇವೆ. ‘ಜೀತ’ ಎಂಬುದು ಸಂಸ್ಕೃತದ ‘ಜೀವಿತ’ದಿಂದ ಬಂದದ್ದು. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಬಳ ಎಂಬ ಅರ್ಥವಿತ್ತು. ಬದುಕಿಗಾಗಿ ಕೊಡುವ ಸಂಬಳದ ಹೆಸರು ಬರಬರುತ್ತಾ ಬದುಕನ್ನೇ ಒತ್ತೆ ಇಡುವ ದುಡಿಮೆಯ ಹೆಸರಾಯಿತು. ಬಂಜರ್ಮಸಿನ್‌ನಲ್ಲೂ ಹೀಗೆಯೇ ಆಯಿತಲ್ಲವೇ? ಹೆಸರು ‘ಶಿಕ್ಷೆ’ ಎಂದು, ಒಳಗಿನದು ಬಿಟ್ಟಿ ದುಡಿಮೆ. ಆದ್ದರಿಂದ ಯಾವುದೇ ದಾಖಲೆ ಓದುವಾಗ ಹೆಸರನ್ನು ನಂಬುವ ಮೊದಲು ಒಳಗೆ ನಡೆದದ್ದೇನೆಂದು ಕೇಳಬೇಕು.

ಓದುವ ಕ್ರಮ

ಹಾಗಾದರೆ ಒಳ್ಳೆಯವರೋ ಕೆಟ್ಟವರೋ? ಮಕ್ಕಳೇ, ಒಂದೇ ಪದದ ಉತ್ತರ ಬೇಡುವ ಪ್ರಶ್ನೆಯನ್ನು ಐದು ಪ್ರಶ್ನೆಗಳಾಗಿ ಒಡೆಯುವುದನ್ನು ಕಲಿಯಿರಿ.

1. ಇವರು ಏನು ಹೇಳಿದರು? ಯಾವಾಗ, ಯಾರಿಗೆ?
2. ಏನು ಮಾಡಿದರು? ಕೈಯಲ್ಲಿ ಎಷ್ಟು ಅಧಿಕಾರವಿತ್ತು?
3. ಅದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ?
4. ಅದೇ ಕಾಲದಲ್ಲಿ ಬೇರೆ ರೀತಿ ಯೋಚಿಸಿದವರು ಇದ್ದರೇ?
5. ಅವರು ಹೋದ ಮೇಲೆ ಉಳಿದದ್ದೇನು?

ರಾಫಲ್ಸ್ ಅವರಿಗೆ ಇದನ್ನು ಹಚ್ಚಿ ನೋಡಿ. ಕಂಪನಿಗೆ ನಷ್ಟವಾಗದ ಕಡೆ ಅವರ ಸ್ವಾತಂತ್ರ್ಯಪ್ರೇಮ ಧಾರಾಳವಾಗಿತ್ತು, ಸಾಮ್ರಾಜ್ಯಕ್ಕೂ ಸ್ನೇಹಿತರಿಗೂ ಆಳು ಬೇಕಾದ ಕಡೆ ಅದು ಮೌನವಾಯಿತು. ಇದು ನಮಗೆ ತೋರುವ ಉತ್ತರ. ನಿಮಗೆ ಬೇರೆ ತೋರಿದರೆ ಆಧಾರ ಕೊಟ್ಟು ಬರೆಯಿರಿ. ಆದರೆ ಬೆಂಕೂಲೆನ್‌ನಲ್ಲಿ ಬಿಡುಗಡೆಯ ಪತ್ರ ಹಿಡಿದವರ ಸಂತೋಷ ಸುಳ್ಳಲ್ಲ. ಬಂಜರ್ಮಸಿನ್‌ನಲ್ಲಿ ಹಡಗಿಳಿದವರ ಕಣ್ಣೀರೂ ಸುಳ್ಳಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವಂತಿಲ್ಲ. ರಾಫಲ್ಸ್, ವಿಲ್ಬರ್‌ಫೋರ್ಸ್ ಇಬ್ಬರ ಶಿಲ್ಪಗಳೂ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ಅಲ್ಲಿಗೆ ಹೋದಾಗ ಎರಡನ್ನೂ ನೋಡಿ, ಎರಡು ಪುಟಗಳನ್ನೂ ನೆನೆಯಿರಿ.

ಪಾಲಕರಿಗೆ ಒಂದು ಮಾತು. ಪರರ ಪ್ರತಿಮೆಗಳ ಬಗ್ಗೆ ಊಟದ ಮೇಜಿನಲ್ಲಿ ಮಾತಾಡುವುದು ಸುಲಭ. ನಮ್ಮ ಅಜ್ಜನ ಮನೆಯ ಗದ್ದೆಯಲ್ಲಿ ಯಾರು ದುಡಿಯುತ್ತಿದ್ದರು, ಅವರಿಗೆ ಏನು ಕೊಡುತ್ತಿದ್ದರು, ಅವರು ಎಲ್ಲಿ ಕೂತು ಉಣ್ಣುತ್ತಿದ್ದರು ಎಂದು ಮಗು ಕೇಳಿದರೆ ಕಷ್ಟ. ಕೆಲವರ ಮನೆಯಲ್ಲಿ ಒಡೆಯರ ನೆನಪಿರಬಹುದು, ಕೆಲವರ ಮನೆಯಲ್ಲಿ ದುಡಿದವರ ನೆನಪಿರಬಹುದು. ನಮ್ಮ ತರಗತಿಯಲ್ಲಿ ಆ ಇಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಅ ಆ ಇ ಈ ತಿದ್ದುತ್ತಾರೆ. ಅವರ ಮುಂದೆ ಊರಿನ ಕಥೆಯನ್ನು ಪೂರ್ತಿ ಹೇಳಬೇಕು. ಜೆಫರ್ಸನ್‌ಗೆ ಒಂದು ಅಳತೆ, ಅಜ್ಜನಿಗೆ ಇನ್ನೊಂದು ಅಳತೆ ಎಂದಾದರೆ ಮಕ್ಕಳು ಕಲಿಯುವುದು ಅಳತೆಯ ಮೋಸವನ್ನೇ. ಅಜ್ಜನ ಮೇಲಿನ ಪ್ರೀತಿ ಸತ್ಯ ಹೇಳಿದ್ದರಿಂದ ಕಡಿಮೆಯಾಗುವುದಿಲ್ಲ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ರಾಫಲ್ಸ್ ಎಲ್ಲಿ ಹುಟ್ಟಿದರು? ಅವರ ಸಮಾಧಿ ಎಲ್ಲಿದೆ?
2. 1833ರ ಕಾಯಿದೆ ಯಾವ ಪ್ರದೇಶಗಳನ್ನು ಹೊರಗಿಟ್ಟಿತು?
3. ಹಳೆಯ ಕನ್ನಡದಲ್ಲಿ ‘ಜೀತ’ ಪದಕ್ಕೆ ಯಾವ ಅರ್ಥವಿತ್ತು?

ಆ) ಐದಾರು ವಾಕ್ಯಗಳಲ್ಲಿ ಬರೆಯಿರಿ.
1. 1843ರ ಕಾಯಿದೆ ಏನನ್ನು ಬದಲಿಸಿತು? ಏನನ್ನು ಬದಲಿಸಲಿಲ್ಲ?
2. ‘ಆ ಕಾಲವೇ ಹಾಗಿತ್ತು’ ಎಂಬ ಮಾತಿಗೆ ನಿಮ್ಮ ಉತ್ತರವೇನು?

ಇ) ಮನೆಗೆಲಸ: ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಜ್ಜ ಅಥವಾ ಅಜ್ಜಿಯನ್ನು ಕೇಳಿ: ‘ನೀವು ಚಿಕ್ಕವರಿದ್ದಾಗ ಹೊಲ ಗದ್ದೆಯಲ್ಲಿ ಯಾರು ಕೆಲಸ ಮಾಡುತ್ತಿದ್ದರು? ಅವರ ಹೆಸರೇನು?’ ಹೆಸರು ನೆನಪಿದ್ದರೆ ಕನ್ನಡದಲ್ಲಿ ಬರೆದು ತನ್ನಿ. ನೆನಪಿಲ್ಲ ಎಂದರೆ ಅದನ್ನೂ ಬರೆದು ತನ್ನಿ.